ಉಳಿಸಿದ ನೀರು ಎಲ್ಲಿದೆ?

ಕರ್ನಾಟಕದ ಬಯಲುಸೀಮೆಯಲ್ಲಿ ನೀರಿನ ಮಾತು ಎಲ್ಲಿ ಶುರುವಾದರೂ ಬೇಗನೆ ಬಂದು ನಿಲ್ಲುವುದು ಹನಿ ನೀರಾವರಿಯ ಹತ್ತಿರ. ಕೃಷಿ ಮೇಳದ ಮಳಿಗೆಯಲ್ಲಿ, ಸಬ್ಸಿಡಿಯ ಕರಪತ್ರದಲ್ಲಿ, ಊರಿನ ಅರಳಿಕಟ್ಟೆಯಲ್ಲಿ ಕೂಡ ಒಂದೇ ಲೆಕ್ಕ: ನೀರನ್ನು ಹಾಯಿಸಿದರೆ ಅರ್ಧ ಪೋಲು, ಡ್ರಿಪ್ ಹಾಕಿದರೆ ಆ ಅರ್ಧ ಉಳಿತಾಯ. ಉಳಿದದ್ದು ಅಂತರ್ಜಲವಾಗಿ ನೆಲದಲ್ಲೇ ಇರುತ್ತದೆ, ಆದ್ದರಿಂದ ಡ್ರಿಪ್ ಹೆಚ್ಚಿದಷ್ಟೂ ಬೋರುಗಳು ಬತ್ತುವುದು ತಪ್ಪುತ್ತದೆ ಎಂಬುದು ನಂಬಿಕೆ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ಡ್ರಿಪ್ ಪೈಪು ಸರ್ವೇಸಾಮಾನ್ಯವಾದ ವರ್ಷಗಳೇ ಅಲ್ಲಿನ ಬೋರುಗಳು ಸಾವಿರ ಅಡಿ ದಾಟಿದ ವರ್ಷಗಳೂ ಹೌದು. ಒಂದರಿಂದಲೇ ಇನ್ನೊಂದು ಆಯಿತು ಎಂದು ಇಷ್ಟರಿಂದ ಹೇಳಲಾಗದು. ಉಳಿಸಿದ ನೀರು ಎಲ್ಲಿದೆ ಎಂದು ಕೇಳುವುದಕ್ಕಂತೂ ಇಷ್ಟು ಸಾಕು.

ನಂಬಿಕೆಯನ್ನು ಮೊದಲು ಅದರ ಪೂರ್ತಿ ಬಲದೊಡನೆ ಮುಂದಿಡುವುದು ನ್ಯಾಯ. ಹನಿ ನೀರಾವರಿ ಹುಟ್ಟಿದ್ದೇ ನೀರಿನ ಕಡುಕಷ್ಟದಲ್ಲಿ. ಸೋರುವ ಕೊಳವೆಯ ಪಕ್ಕದ ಮರವೊಂದು ಉಳಿದವಕ್ಕಿಂತ ಹುಲುಸಾಗಿ ಬೆಳೆದದ್ದನ್ನು ಗಮನಿಸಿದ ಎಂಜಿನಿಯರ್ ಸಿಮ್ಕಾ ಬ್ಲಾಸ್ ಅದನ್ನು ಬೆನ್ನುಹತ್ತಿದರು. 1965ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಸಾಮೂಹಿಕ ಕೃಷಿ ಗ್ರಾಮದಲ್ಲಿ ನೆಟಾಫಿಮ್ ಕಂಪನಿ ಶುರುವಾಯಿತು. ಬೇರಿನ ಬುಡಕ್ಕೆ ಮಾತ್ರ ನೀರು, ಸಾಲಿನ ನಡುವಿನ ನೆಲ ಒಣಗಿದ್ದರಿಂದ ಕಳೆ ಕಡಿಮೆ, ಗೊಬ್ಬರವನ್ನು ನೀರಿನಲ್ಲೇ ಕರಗಿಸಿ ಕೊಡುವ ಅನುಕೂಲ, ರಾತ್ರಿ ಕರೆಂಟು ಬಂದಾಗ ಗದ್ದೆಯಲ್ಲಿ ನಿಂತು ಮಡಿ ತಿರುಗಿಸುವ ಕಷ್ಟದಿಂದ ಬಿಡುಗಡೆ: ಇವೆಲ್ಲ ಕಣ್ಣಿಗೆ ಕಾಣುವ ಲಾಭಗಳು. ಪ್ರಯೋಗ ತಾಕುಗಳಲ್ಲಿ ಎಕರೆಗೆ ಕೊಟ್ಟ ನೀರು ಗಣನೀಯವಾಗಿ ಕಡಿಮೆಯಾಗಿ ಇಳುವರಿ ಹೆಚ್ಚಿದ್ದು ಮತ್ತೆ ಮತ್ತೆ ದಾಖಲಾಗಿದೆ. ಕೇಂದ್ರ ಸರ್ಕಾರ 2015ರಲ್ಲಿ ತಂದ ಕೃಷಿ ಸಿಂಚಾಯಿ ಯೋಜನೆಯ ಘೋಷಣೆಯೇ ಪ್ರತಿ ಹನಿಗೆ ಹೆಚ್ಚು ಬೆಳೆ ಎಂಬುದು. ಸಣ್ಣ ಹಿಡುವಳಿಯ ಡ್ರಿಪ್‌ಗೆ ಕರ್ನಾಟಕ ನೂರಕ್ಕೆ 90ರವರೆಗೆ ಸಹಾಯಧನ ಕೊಟ್ಟಿದೆ. ಯಾರೂ ಯಾರನ್ನೂ ಇಲ್ಲಿ ವಂಚಿಸುತ್ತಿಲ್ಲ. ಅಳತೆಗಳು ಸರಿಯಾಗಿವೆ. ತೊಡಕಿರುವುದು ಆ ಅಳತೆಯನ್ನು ಎಲ್ಲಿ ನಿಂತು ಮಾಡಿದರು ಎಂಬುದರಲ್ಲಿ, ಮತ್ತು ‘ಪೋಲು’ ಎಂಬ ಒಂದು ಪದದಲ್ಲಿ.

ಬೋರಿನಿಂದ ಎತ್ತಿ ಹೊಲಕ್ಕೆ ಬಿಟ್ಟ ನೀರಿಗೆ ನಾಲ್ಕು ದಾರಿಗಳಿವೆ.

1. ಬೇರು ಹೀರಿ ಎಲೆಯ ಮೂಲಕ ಆವಿಯಾಗಿ ಹೋಗುತ್ತದೆ. ಬೆಳೆ ಬೆಳೆಯುವುದು ಇದರಿಂದಲೇ.

2. ಒದ್ದೆಯಾದ ಬರಿ ಮಣ್ಣಿನ ಮೇಲಿಂದ ಆವಿಯಾಗುತ್ತದೆ. ಇದರಿಂದ ಬೆಳೆಗೆ ಏನೂ ಬಾರದು.

3. ಬೇರಿನ ಕೆಳಗೆ ಇಳಿದು ಅಂತರ್ಜಲದ ಕಡೆಗೆ ಹೋಗುತ್ತದೆ.

4. ಹೊಲ ದಾಟಿ ಪಕ್ಕದ ಹೊಲಕ್ಕೋ ಹಳ್ಳಕ್ಕೋ ಕೆರೆಗೋ ಸೇರುತ್ತದೆ.

ಹೊಲದ ಬದುವಿನ ಮೇಲೆ ನಿಂತ ರೈತನಿಗೆ ಎರಡನೆಯದರಿಂದ ನಾಲ್ಕನೆಯದರವರೆಗೆ ಎಲ್ಲವೂ ಪೋಲೇ. ಕರೆಂಟೂ ಶ್ರಮವೂ ಖರ್ಚಾಗಿ ಬೆಳೆಗೆ ದಕ್ಕದ ನೀರು ಅದು. ಆದರೆ ಅದೇ ಹಳ್ಳದ ಇಡೀ ಜಲಾನಯನವನ್ನು ನೋಡುವವರಿಗೆ ಚಿತ್ರ ಬೇರೆ. ಮೊದಲ ಎರಡು ದಾರಿ ಹಿಡಿದ ನೀರು ಆಕಾಶಕ್ಕೆ ಹೋಯಿತು, ಆ ಊರಿಗೆ ಅದು ಮುಗಿದ ಲೆಕ್ಕ. ಮೂರನೆಯದೂ ನಾಲ್ಕನೆಯದೂ ಊರಲ್ಲೇ ಇವೆ. ಕೆಳಗಿನ ಹೊಲದ ಬಾವಿಗೆ, ಕೆರೆಗೆ, ಕುಡಿಯುವ ನೀರಿನ ಬೋರಿಗೆ ಅದೇ ಒಸರು. ಡೇವಿಡ್ ಸೆಕ್ಲರ್ ಎಂಬ ಅರ್ಥಶಾಸ್ತ್ರಜ್ಞ 1996ರಲ್ಲಿ, ಇಂದು ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಎನಿಸಿಕೊಂಡಿರುವ ಸಂಸ್ಥೆಯ ಮೊದಲ ಸಂಶೋಧನಾ ವರದಿಯಲ್ಲೇ ಈ ಭೇದವನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಆವಿಯಾಗುವುದನ್ನು ತಡೆದರೆ ಅದು ಹಸಿ ಉಳಿತಾಯ, ಅಂದರೆ ನಿಜವಾಗಿ ಕೈಗೆ ಸಿಗುವ ನೀರು. ಇಂಗಿ ಇನ್ನೊಬ್ಬರಿಗೆ ಸೇರಬೇಕಾದ್ದನ್ನು ತಡೆದರೆ ಅದು ಒಣ ಉಳಿತಾಯ: ಕಾಗದದಲ್ಲಿ ಉಳಿದ, ನೆಲದಲ್ಲಿ ಉಳಿಯದ ನೀರು.

ಲೆಕ್ಕಕ್ಕೆ ಬರಿಯ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಎಕರೆಗೆ 100 ಪಾಲು ನೀರು ಹಾಯಿಸಿದಾಗ 60 ಪಾಲು ಎಲೆಯಿಂದ, 15 ಪಾಲು ಮಣ್ಣಿನಿಂದ ಆವಿಯಾಗುತ್ತದೆ, 25 ಪಾಲು ಇಂಗುತ್ತದೆ ಎನ್ನೋಣ. ಡ್ರಿಪ್ ಹಾಕಿದ ಮೇಲೆ 70 ಪಾಲು ಸಾಕು. ಅದರಲ್ಲಿ ಎಲೆಗೆ 62, ಮಣ್ಣಿನ ಆವಿಗೆ 5, ಇಂಗುವುದಕ್ಕೆ 3. ಪಂಪಿನ ಲೆಕ್ಕದಲ್ಲಿ 30 ಪಾಲು ಉಳಿತಾಯ. ಆದರೆ ಆವಿಯ ಲೆಕ್ಕ ಮೊದಲು 75 ಇದ್ದದ್ದು ಈಗ 67. ಜಲಾನಯನಕ್ಕೆ ಉಳಿದದ್ದು 8 ಪಾಲು ಮಾತ್ರ. ಇನ್ನು ಆ 30 ಪಾಲನ್ನು ಯಾರೂ ನೆಲದಲ್ಲೇ ಬಿಡುವುದಿಲ್ಲ. ಅದರಿಂದ ಮತ್ತೆ ಹದಿನೇಳು ಗುಂಟೆಗೆ ಡ್ರಿಪ್ ಎಳೆದರೆ ಎತ್ತಿದ ನೀರು ಮೊದಲಿನಂತೆ 100 ಪಾಲೇ, ಆವಿಯಾದದ್ದು ಮಾತ್ರ 75ರಿಂದ ಸುಮಾರು 96ಕ್ಕೆ ಏರಿತು, ನೆಲಕ್ಕೆ ಮರಳಿದ್ದು 25ರಿಂದ 4ಕ್ಕೆ ಇಳಿಯಿತು. ಪ್ರತಿ ಎಕರೆಯಲ್ಲೂ ನೀರು ಉಳಿದಿದೆ, ಊರಿನಲ್ಲಿ ನೀರು ಕಡಿಮೆಯಾಗಿದೆ. ಎರಡೂ ಒಟ್ಟಿಗೆ ನಿಜ.

ಇಲ್ಲಿ ಮಣ್ಣು-ಬೆಳೆ ವಿಜ್ಞಾನದ ಹಳೆಯ ಸಂಗತಿಯೊಂದನ್ನು ನೆನೆಯಬೇಕು. ಡಚ್ ವಿಜ್ಞಾನಿ ಸಿ. ಟಿ. ಡಿ ವಿಟ್ 1958ರಲ್ಲಿ ಹಲವು ದಶಕಗಳ ಕುಂಡ ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ, ಒಣ ಹಾಗೂ ಬಿಸಿಲಿನ ಸೀಮೆಗಳಲ್ಲಿ ಬೆಳೆಯ ಒಟ್ಟು ತೂಕ ಅದು ಎಲೆಯಿಂದ ಬಿಟ್ಟ ಆವಿಯ ಜೊತೆ ಹೆಚ್ಚುಕಡಿಮೆ ಸರಳರೇಖೆಯಲ್ಲಿ ಏರುತ್ತದೆ ಎಂದು ತೋರಿಸಿದರು. ಎಲೆಯ ರಂಧ್ರ ತೆರೆದಾಗ ಇಂಗಾಲದ ಗಾಳಿ ಒಳಗೆ ಬರುವುದೂ ನೀರಿನ ಆವಿ ಹೊರಗೆ ಹೋಗುವುದೂ ಒಂದೇ ಬಾಗಿಲಿನಿಂದ. ಒಂದನ್ನು ಬಿಟ್ಟು ಇನ್ನೊಂದು ನಡೆಯದು. ಹಾಗಾದರೆ ಅದೇ ತಳಿ, ಅದೇ ಋತು ಇದ್ದು ಇಳುವರಿ ನೂರಕ್ಕೆ ಮೂವತ್ತು ಪಾಲು ಹೆಚ್ಚಿತು ಎನ್ನುವ ಕರಪತ್ರ, ತನಗೆ ಅರಿವಿಲ್ಲದೆಯೇ, ಬೆಳೆ ಕುಡಿದ ನೀರೂ ಹೆಚ್ಚಿತು ಎಂದು ಹೇಳುತ್ತಿರುತ್ತದೆ. ಒಟ್ಟು ಬೆಳೆಯಲ್ಲಿ ಕಾಳಿನ ಅಥವಾ ಕಾಯಿಯ ಪಾಲು ಹೆಚ್ಚಿದರೆ, ರೋಗ ತಗ್ಗಿದರೆ, ಬಿಸಿಲು ಕಡಿಮೆಯಿರುವ ಹಂಗಾಮಿಗೆ ಬೆಳೆ ಸರಿದರೆ ಸ್ವಲ್ಪ ವಿನಾಯಿತಿ ಉಂಟು. ಅದರ ಆಚೆಗೆ ಉಳಿಸಲು ಸಿಗುವುದು ಎರಡನೇ ದಾರಿಯ ನೀರು, ಅಂದರೆ ಬರಿ ಮಣ್ಣಿನ ಆವಿ, ಅಷ್ಟೇ.

ಇದು ಬರಿಯ ತರ್ಕವಾಗಿ ಉಳಿದಿಲ್ಲ. ಅಮೆರಿಕದ ರಿಯೋ ಗ್ರಾಂಡೆ ನದಿಯ ಮೇಲ್ಭಾಗವನ್ನು ಅಧ್ಯಯನ ಮಾಡಿದ ಫ್ರಾಂಕ್ ವಾರ್ಡ್ ಮತ್ತು ಮಾನ್ಯುಯೆಲ್ ಪುಲಿಡೊ-ವೆಲಾಸ್ಕೆಸ್ 2008ರಲ್ಲಿ, ಹನಿ ನೀರಾವರಿಗೆ ಸಹಾಯಧನ ಹೆಚ್ಚಿಸಿದರೆ ಜಲಾನಯನದಲ್ಲಿ ಒಟ್ಟು ನೀರಿನ ಬಳಕೆ ಏರಬಹುದು ಎಂಬ ಫಲಿತಾಂಶ ಪ್ರಕಟಿಸಿದರು. ಕಾನ್ಸಾಸ್ ರಾಜ್ಯದಲ್ಲಿ ರೈತರು ಹಳೆಯ ತುಂತುರು ಯಂತ್ರಗಳ ಬದಲು ನೆಲದ ಹತ್ತಿರವೇ ನೀರು ಬಿಡುವ ನಳಿಕೆಗಳನ್ನು ಸರ್ಕಾರದ ನೆರವಿನಿಂದ ಅಳವಡಿಸಿಕೊಂಡರು. ಅಲ್ಲಿ ಎತ್ತಿದ ಅಂತರ್ಜಲ ಇಳಿಯಲಿಲ್ಲ, ಏರಿತು; ಹೆಚ್ಚು ನೀರು ಕೇಳುವ ಬೆಳೆಗಳತ್ತ ರೈತರು ಸರಿದದ್ದು ಅದಕ್ಕೊಂದು ಕಾರಣ ಎಂದು ಲೀಸಾ ಫೈಫರ್ ಮತ್ತು ಸಿ.-ವೈ. ಸಿಂಥಿಯಾ ಲಿನ್ 2014ರಲ್ಲಿ ದಾಖಲಿಸಿದರು. ಮೊರಾಕ್ಕೊ 2008ರಲ್ಲಿ ಹಸಿರು ಯೋಜನೆಯನ್ನು ಶುರುಮಾಡಿ ಡ್ರಿಪ್‌ಗೆ ಧಾರಾಳವಾಗಿ ಹಣ ಕೊಟ್ಟಿತು. ಅದನ್ನು ಪರಿಶೀಲಿಸಿದವರು ಕಂಡದ್ದು ದಟ್ಟವಾಗಿ ನೆಟ್ಟ ಹೊಸ ತೋಟಗಳನ್ನು, ಹಿಗ್ಗಿದ ನೀರಾವರಿ ಕ್ಷೇತ್ರವನ್ನು, ಇಳಿಯುತ್ತಲೇ ಇದ್ದ ಅಂತರ್ಜಲವನ್ನು. 2018ರಲ್ಲಿ ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಹಲೇಖಕರು ‘ಸೈನ್ಸ್’ ಪತ್ರಿಕೆಯಲ್ಲಿ ಇವೆಲ್ಲವನ್ನೂ ಒಟ್ಟಿಗೆ ಇಟ್ಟು, ನೀರಾವರಿ ದಕ್ಷತೆ ಏರಿದಾಗ ಇತರರಿಗೆ ಸಿಗುವ ನೀರು ಹೆಚ್ಚುವುದು ಅಪರೂಪ ಎಂದು ಬರೆದರು. ಈ ವಿಚಿತ್ರ ಹೊಸದೇನಲ್ಲ: ಕಲ್ಲಿದ್ದಲನ್ನು ಮಿತವಾಗಿ ಸುಡುವ ಉಗಿಯಂತ್ರ ಬಂದ ಮೇಲೆ ಕಲ್ಲಿದ್ದಲಿನ ಬಳಕೆ ಏರಿತೆಂದು ವಿಲಿಯಂ ಜೆವನ್ಸ್ 1865ರಲ್ಲೇ ಗುರುತಿಸಿದ್ದರು.

ಈ ವಾದದ ಮೇಲೆ ಬಲವಾದ ಆಕ್ಷೇಪವೊಂದು ಕೋಲಾರದ ಕಡೆಯಿಂದಲೇ ಬರುತ್ತದೆ. ಅಲ್ಲಿನ ನೆಲ ಗಟ್ಟಿಯಾದ ಗ್ನೈಸ್ ಮತ್ತು ಗ್ರಾನೈಟ್ ಬಂಡೆ. ನೀರು ಸಿಗುವುದು ಸಾವಿರ ಅಡಿ ಕೆಳಗಿನ ಬಿರುಕಿನಲ್ಲಿ. ಹೊಲದಲ್ಲಿ ಇಂಗಿದ್ದು ಅಷ್ಟು ಆಳಕ್ಕೆ ಮರಳುತ್ತದೆಂದು ಯಾರು ಹೇಳಬಲ್ಲರು? ಮೇಲ್ಪದರದ ಒಣ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬದುವಿನ ಮರಗಳು ಒಂದಿಷ್ಟು ಹೀರುತ್ತವೆ. ಆದ್ದರಿಂದ ಅಲ್ಲಿ ಇಂಗುವುದನ್ನು ತಡೆಯುವುದೂ ನಿಜವಾದ ಉಳಿತಾಯವೇ ಎಂಬುದು ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಬೋರು ಆಳವಾದಷ್ಟೂ ಮರಳುವ ನೀರಿನ ಪಾಲು ಚಿಕ್ಕದಾಗುತ್ತದೆ, ಡ್ರಿಪ್‌ನ ಪರವಾದ ಮಾತು ಗಟ್ಟಿಯಾಗುತ್ತದೆ. ಆದರೆ ಅದೇ ಬೋರಿನಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಎಷ್ಟು ನೀರು ಎತ್ತಬೇಕೆಂದು ನಿರ್ಧರಿಸುವುದು ಬೆಳೆಯ ಬೇಡಿಕೆಯಲ್ಲ; ಬೋರಿನ ಇಳುವರಿ ಮತ್ತು ಕರೆಂಟಿನ ಗಂಟೆ. ಹತ್ತು ಎಚ್‌ಪಿವರೆಗಿನ ಪಂಪಿಗೆ ವಿದ್ಯುತ್ ಉಚಿತ. ತ್ರೀ ಫೇಸ್ ಬಂದೊಡನೆ ಆಟೋ ಸ್ಟಾರ್ಟರ್ ತಾನೇ ಮೋಟರು ಓಡಿಸುತ್ತದೆ, ಕರೆಂಟು ಹೋಗುವವರೆಗೆ ಅಥವಾ ಬೋರು ಗಾಳಿ ಎಳೆಯುವವರೆಗೆ ನೀರು ಬರುತ್ತದೆ. ಒಂದೂವರೆ ಇಂಚು ನೀರಿನ ಬೋರು ಹಾಯಿಸುವಾಗ ಒಂದು ಎಕರೆ ಟೊಮೆಟೊ ಸಾಕುತ್ತಿದ್ದರೆ ಡ್ರಿಪ್‌ನಲ್ಲಿ ಎರಡು ಎಕರೆ ಸಾಕುತ್ತದೆ, ಮೋಟರು ಓಡುವ ಗಂಟೆ ಮಾತ್ರ ಅಷ್ಟೇ. ಮೂರು ಲಕ್ಷ ಸಾಲ ಮಾಡಿ ಕೊರೆಸಿದವನು ಆ ಎರಡನೇ ಎಕರೆಯನ್ನು ಬೀಳುಬಿಡಲಿ ಎನ್ನುವುದು ಕ್ರೌರ್ಯ. ಅವನು ಮಾಡುತ್ತಿರುವುದು ಸರಿಯಾದ ಲೆಕ್ಕಾಚಾರ. ಉಳಿತಾಯ ಎಂಬ ಹೆಸರಿನಲ್ಲಿ ಅವನ ಕೈಗೆ ಕೊಟ್ಟದ್ದು ನೀರಾವರಿ ವಿಸ್ತರಣೆಯ ಸಾಧನ, ಅವನು ಅದನ್ನು ಹಾಗೆಯೇ ಬಳಸಿದ.

ಎರಡನೇ ಆಕ್ಷೇಪ ಕಾಲುವೆ ಸೀಮೆಯದು, ಅದನ್ನು ಹೆಚ್ಚು ಚರ್ಚೆಯಿಲ್ಲದೆ ಒಪ್ಪಬಹುದು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರಿನ ಕಡೆ ಇಂಗಿದ ನೀರು ವರವಾಗಲಿಲ್ಲ, ಎರೆ ನೆಲವನ್ನು ಸವಳು-ಜವಳು ಮಾಡಿತು. ಇಂಗಿದ್ದು ಉಪ್ಪಿನಲ್ಲಿ ಕಲೆತು ಕೆಡುವಲ್ಲಿ, ಅಥವಾ ಸಮುದ್ರದ ಅಂಚಿನಲ್ಲಿ, ಸೋರಿಕೆ ತಡೆದದ್ದೆಲ್ಲ ಹಸಿ ಉಳಿತಾಯವೇ. ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ಕೊಳವೆಯಲ್ಲಿ ನೀರು ತಂದು ಡ್ರಿಪ್ ಹಾಸಿದ ಯೋಜನೆಯ ಹೇಳಿಕೆಯಲ್ಲಿ ಇನ್ನೊಂದು ಬಗೆಯ ಸ್ಪಷ್ಟತೆಯಿದೆ: ನದಿಯಿಂದ ಹಂಚಿಕೆಯಾದ ಅಷ್ಟೇ ನೀರನ್ನು ಹೆಚ್ಚು ಜಮೀನಿಗೆ ಮುಟ್ಟಿಸುವುದು ಅದರ ಗುರಿ. ಅಲ್ಲಿ ವಿಸ್ತರಣೆಯನ್ನು ವಿಸ್ತರಣೆ ಎಂದೇ ಕರೆಯಲಾಗಿದೆ.

ಮೂರನೇ ಆಕ್ಷೇಪ ಎಲ್ಲಕ್ಕಿಂತ ಮಾನವೀಯವಾದದ್ದು. ನೀರು ಉಳಿಯದಿದ್ದರೆ ಹೋಗಲಿ, ರೈತನ ಆದಾಯ ಏರಿತಲ್ಲ, ಅಷ್ಟು ಸಾಲದೆ? ಆದಾಯದ ಸಲುವಾಗಿ ಡ್ರಿಪ್‌ಗೆ ಸಹಾಯಧನ ಕೊಡುವುದಕ್ಕೆ ಈ ಲೇಖನದ ತಕರಾರಿಲ್ಲ. ಆದರೆ ಹಾಗಿದ್ದರೆ ಅದನ್ನು ಆದಾಯ ಯೋಜನೆ ಎಂದು ಕರೆಯಬೇಕು, ಅಂತರ್ಜಲ ರಕ್ಷಣೆಯ ಲೆಕ್ಕದಲ್ಲಿ ತೋರಿಸಬಾರದು. ಹೆಸರು ತಪ್ಪಿದಾಗ ಬೆಲೆ ತೆರುವವರು ಬೇರೆಯವರು: ಕೆಳಗಿನ ಊರಿನ ಕುಡಿಯುವ ನೀರಿನ ಬೋರು, ಐವತ್ತು ಅಡಿಯ ತೆರೆದ ಬಾವಿ ಇದ್ದ ಸಣ್ಣ ಹಿಡುವಳಿದಾರ, ಹೊಸ ಬೋರು ಕೊರೆಸಲು ಸಾಲ ಹುಟ್ಟದ ಮನೆ. ಇವರು ಸಹಾಯಧನದ ಅರ್ಜಿಯಲ್ಲಿ ಎಲ್ಲೂ ಬರುವುದಿಲ್ಲ, ಹಾಗಾಗಿ ಲಾಭ-ನಷ್ಟದ ಪಟ್ಟಿಯಲ್ಲೂ ಇಲ್ಲ.

ಇದೇ ಅಳತೆಗೋಲನ್ನು ಎಲ್ಲರೂ ಮೆಚ್ಚುವ ಕೆಲಸಗಳಿಗೂ ಹಿಡಿಯಬೇಕಾಗುತ್ತದೆ, ಇಲ್ಲವಾದರೆ ವಾದ ಪಕ್ಷಪಾತವಾದೀತು. ಚಾರ್ಲ್ಸ್ ಬ್ಯಾಚಲರ್, ಎಂ. ಎಸ್. ರಾಮಮೋಹನ ರಾವ್ ಮತ್ತು ಎಸ್. ಮನೋಹರ ರಾವ್ 2003ರಲ್ಲಿ ಕರ್ನಾಟಕ ಮತ್ತು ಆಂಧ್ರದ ಅನುಭವವನ್ನು ಮುಂದಿಟ್ಟುಕೊಂಡು, ಜಲಾನಯನ ಅಭಿವೃದ್ಧಿ ನೀರಿನ ಕೊರತೆಗೆ ಪರಿಹಾರವೋ ಸಮಸ್ಯೆಯ ಭಾಗವೋ ಎಂದು ನೇರವಾಗಿ ಕೇಳಿದರು. ಮೇಲಿನ ಊರುಗಳಲ್ಲಿ ಚೆಕ್ ಡ್ಯಾಂ, ಒಡ್ಡು, ಇಂಗುಗುಂಡಿಗಳು ಹೆಚ್ಚಿ, ಅಲ್ಲೇ ಹೊಸ ಬೋರುಗಳೂ ಹೆಚ್ಚಿದಾಗ ಕೆಳಗಿನ ಕೆರೆಗೆ ಬರುವ ಹರಿವು ಇಳಿಯುತ್ತದೆ. ಹಿಡಿದಿಟ್ಟ ನೀರು ಹುಟ್ಟಿಸಿದ ನೀರಲ್ಲ, ಕೆಳಗೆ ಹೋಗುತ್ತಿದ್ದ ನೀರು. ಕೋಡಿ ಬಿದ್ದು ವ್ಯರ್ಥವಾಗಿ ಹೋಗುತ್ತಿದ್ದ ಪ್ರವಾಹವನ್ನು ಹಿಡಿದರೆ ಲಾಭವೇ. ಮಳೆ ಕಡಿಮೆಯಾದ ವರ್ಷ ಕೆರೆಗೆ ಬರಬೇಕಿದ್ದ ಒಂದೇ ಹದ ಹರಿವನ್ನು ಹಿಡಿದರೆ ಅದು ಹಂಚಿಕೆಯ ಪ್ರಶ್ನೆ.

ಹಾಗಾದರೆ ಒಣನಾಡಿನಲ್ಲಿ ಹಸಿ ಉಳಿತಾಯ ಎಲ್ಲಿ ಸಿಗುತ್ತದೆ? ಉತ್ತರಕ್ಕೆ ಪೈಪಿನಿಂದ ಕಣ್ಣು ತೆಗೆದು ಮಣ್ಣಿನ ಕಡೆ ನೋಡಬೇಕು. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬೀಳುವ ಹೊಲದ ಒಂದು ಎಕರೆಗೆ ಆಕಾಶ ಸುಮಾರು 20 ಲಕ್ಷ ಲೀಟರ್ ನೀರು ಕೊಡುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಇದರ ದೊಡ್ಡ ಪಾಲು ಬೆಳೆಯ ಬೇರನ್ನು ಮುಟ್ಟುವುದೇ ಇಲ್ಲ. ಬರಿ ನೆಲದಿಂದ ಆವಿಯಾಗುತ್ತದೆ, ಇಲ್ಲವೇ ಮೇಲ್ಮಣ್ಣನ್ನು ಹೊತ್ತು ಹರಿದುಹೋಗುತ್ತದೆ. ಸ್ವೀಡನ್ನಿನ ಜಲವಿಜ್ಞಾನಿ ಮಲಿನ್ ಫಾಲ್ಕೆನ್‌ಮಾರ್ಕ್ ಮಣ್ಣಿನಲ್ಲಿ ನಿಂತು ಬೆಳೆಯ ಮೂಲಕ ಹೋಗುವ ಈ ತೇವಕ್ಕೆ 1990ರ ದಶಕದಲ್ಲಿ ‘ಹಸಿರು ನೀರು’ ಎಂದು ಹೆಸರಿಟ್ಟು, ನದಿ-ಕೆರೆ-ಬೋರಿನ ನೀಲಿ ನೀರಿನಷ್ಟೇ ಅದನ್ನೂ ಲೆಕ್ಕಕ್ಕೆ ತನ್ನಿ ಎಂದು ಒತ್ತಾಯಿಸಿದರು. ಹೆಸರು ಹೊಸದು, ಕೆಲಸ ಹಳೆಯದು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ (ಇಂದಿನ ವಿಜಯಪುರ), ಹಗರಿ, ರಾಯಚೂರು, ರೋಹ್ಟಕ್‌ಗಳಲ್ಲಿ ಒಣಬೇಸಾಯ ಸಂಶೋಧನೆ ಶುರುವಾದಾಗ, ಐದರಲ್ಲಿ ಮೂರು ಕೇಂದ್ರಗಳು ಇಂದಿನ ಕರ್ನಾಟಕದವು. ಆ ಮೂರರಲ್ಲಿ ಒಂದು ಆಗ ಮುಂಬಯಿ ಪ್ರಾಂತ್ಯದಲ್ಲಿ, ಒಂದು ಮದ್ರಾಸಿನಲ್ಲಿ, ಒಂದು ನಿಜಾಮರ ಸೀಮೆಯಲ್ಲಿ. ಸಮಪಾತಳಿ ಬದು, ಮಳೆಗೆ ಮುನ್ನ ಹರಗುವುದು, ಅಂತರ ಬಿಟ್ಟು ಬಿತ್ತುವುದು, ಹಿಂಗಾರಿ ಜೋಳದಲ್ಲಿ ಮತ್ತೆ ಮತ್ತೆ ಎಡೆ ಹೊಡೆದು ಎರೆ ನೆಲದ ಬಿರುಕು ಮುಚ್ಚುವುದು: ಇವೆಲ್ಲವೂ ಎರಡನೇ ದಾರಿಯ ಆವಿಯನ್ನು ಮೊದಲನೇ ದಾರಿಗೆ ತಿರುಗಿಸುವ ಉಪಾಯಗಳೇ. ಆ ಬಿರುಕುಗಳ ಒಳಗೋಡೆಯಿಂದಲೂ ತೇವ ಹಾರಿಹೋಗುತ್ತದೆ ಎಂಬುದನ್ನು ವಿಜಯಪುರದ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ 1976ರಿಂದ ನಡೆಸಿಕೊಂಡು ಬಂದ ಪ್ರಯೋಗ ಈ ವಿಷಯದಲ್ಲಿ ಅಮೂಲ್ಯವಾದದ್ದು. ಅದೇ ಎರೆ ಮಣ್ಣು, ಅದೇ ಮಳೆ, ಬೋರಿನ ನೀರಿಲ್ಲ. ಒಂದು ಭಾಗದಲ್ಲಿ ಹಳೆಯ ಪದ್ಧತಿಯಂತೆ ಮುಂಗಾರಿನಲ್ಲಿ ನೆಲ ಬೀಳುಬಿಟ್ಟು ಹಿಂಗಾರಿಗೆ ಬಿತ್ತನೆ; ಇನ್ನೊಂದರಲ್ಲಿ ಅಗಲ ಮಡಿ ಮತ್ತು ಸಾಲು, ಮುಂಗಾರಿನಲ್ಲೇ ಬಿತ್ತನೆ, ಬೇಳೆಕಾಳಿನ ಜೊತೆ ಬೆಳೆ, ಸಮತೋಲದ ಗೊಬ್ಬರ. ಹಲವು ದಶಕಗಳ ಸರಾಸರಿಯಲ್ಲಿ ಹಳೆಯ ಪದ್ಧತಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 1.1 ಟನ್ ಕಾಳು ಕೊಟ್ಟರೆ ಹೊಸದು 5.1 ಟನ್ ಕೊಟ್ಟಿದೆ. ಡಿ ವಿಟ್ ಅವರ ನಿಯಮ ಇಲ್ಲಿಯೂ ಸುಳ್ಳಾಗಿಲ್ಲ. ಬೆಳೆ ಖಂಡಿತ ಹೆಚ್ಚು ನೀರು ಕುಡಿದಿದೆ. ಮುಖ್ಯ ವ್ಯತ್ಯಾಸ ಎಂದರೆ ಆ ನೀರಿನ ಬಹುಪಾಲು ಬರಿ ನೆಲದಿಂದ ಹಾರಿಹೋಗುತ್ತಿದ್ದದ್ದು, ಪಕ್ಕದವನ ಬಾವಿಯದಲ್ಲ. ಹರಿದುಹೋಗುತ್ತಿದ್ದ ಒಂದಿಷ್ಟೂ ಅದರಲ್ಲಿ ಸೇರಿದೆ ಎಂಬುದನ್ನು ಮರೆಯುವಂತಿಲ್ಲ. ಕರ್ನಾಟಕದಲ್ಲೇ 2009ರಲ್ಲಿ ಶುರುವಾದ ಭೂಚೇತನ ಕಾರ್ಯಕ್ರಮದ ಮಣ್ಣು ಪರೀಕ್ಷೆಗಳು ಗಂಧಕ, ಸತು, ಬೋರಾನ್‌ಗಳ ಕೊರತೆಯನ್ನು ಜಿಲ್ಲೆ ಜಿಲ್ಲೆಗಳಲ್ಲಿ ತೋರಿಸಿದವು. ಆ ಕೊರತೆ ತುಂಬಿದಲ್ಲಿ ಅದೇ ಮಳೆಗೆ ರಾಗಿ, ಶೇಂಗಾ, ಮೆಕ್ಕೆಜೋಳದ ಇಳುವರಿ ಏರಿತು. ಬರ ಎಂದು ತಿಳಿದದ್ದರಲ್ಲಿ ಒಂದು ಪಾಲು ಮಣ್ಣಿನ ಹಸಿವಾಗಿತ್ತು.

ಡ್ರಿಪ್ ಕೂಡ ನಿಜವಾದ ಉಳಿತಾಯದ ಸಾಧನವಾಗಬಲ್ಲದು, ಕ್ರಮ ತಿರುವುಮುರುವಾದರೆ. ಕಾನ್ಸಾಸಿನ ವಾಯವ್ಯ ಭಾಗದ ಶೆರಿಡನ್ ಪ್ರದೇಶದ ರೈತರು ತಮ್ಮ ಕೆಳಗಿನ ಒಗಲಾಲಾ ಜಲಸ್ತರ ಬರಿದಾಗುತ್ತಿದ್ದುದನ್ನು ನೋಡಿ, ತಾವೇ ಮುಂದಾಗಿ 2013ರಿಂದ ಐದು ವರ್ಷಕ್ಕೆ ಒಟ್ಟು 55 ಅಂಗುಲ ನೀರಿನ ಮಿತಿ ಹಾಕಿಸಿಕೊಂಡರು. ಮಿತಿ ಮೊದಲು ಬಂತು, ತಂತ್ರ ಆಮೇಲೆ. ಮಣ್ಣಿನ ತೇವ ಅಳೆಯುವ ಉಪಕರಣಗಳು ಆಗ ಲಾಭದ ವಸ್ತುವಾದವು, ಮೆಕ್ಕೆಜೋಳದ ಒಂದಿಷ್ಟು ನೆಲ ಜೋಳಕ್ಕೂ ಗೋಧಿಗೂ ತಿರುಗಿತು, ಎತ್ತಿದ ನೀರು ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಇಳಿಯಿತು. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ಇದನ್ನೇ ಗ್ರಾಮಸಭೆಯಲ್ಲಿ ಮಾಡಿತು: ನೀರಾವರಿಗೆ ಕೊಳವೆಬಾವಿ ಬೇಡ, ಕಬ್ಬು ಬಾಳೆ ಬೇಡ, ಆ ವರ್ಷದ ಮಳೆ ಅಳೆದು ಹಿಂಗಾರಿನ ಬೆಳೆ ನಿರ್ಧಾರ. ಅಂಥ ಒಪ್ಪಂದ ಸಣ್ಣ ಊರಿನಲ್ಲಿ, ಗಟ್ಟಿ ಮುಂದಾಳತ್ವ ಇದ್ದಲ್ಲಿ ಮಾತ್ರ ಸಾಧ್ಯ ಎನ್ನುವ ಮಾತಿನಲ್ಲಿ ಸತ್ಯವಿದೆ. ಸಾವಿರಾರು ಬೋರುಗಳ ತಾಲ್ಲೂಕಿಗೆ ಅದನ್ನು ಹಾಗೇ ಎತ್ತಿ ಇಡಲಾಗದು. ಆದರೂ ಮೊದಲ ಹೆಜ್ಜೆಗೆ ಬೇಕಾದದ್ದು ಧೀಮಂತ ನಾಯಕರಲ್ಲ, ಸರಿಯಾದ ಪ್ರಶ್ನೆ. 2019ರ ಕೊನೆಗೆ ಶುರುವಾದ ಅಟಲ್ ಭೂಜಲ ಯೋಜನೆಯ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದರಡಿ ಗ್ರಾಮ ಪಂಚಾಯತಿಗಳು ನೀರಿನ ಆಯವ್ಯಯ ಬರೆದಿವೆ. ಆ ಬಗೆಯ ಆಯವ್ಯಯದಲ್ಲಿ ಡ್ರಿಪ್ ಹಾಕಿದ ಎಕರೆಗಳನ್ನು ಉಳಿತಾಯದ ಸಾಲಿನಲ್ಲಿ ಬರೆಯುವ ಮೊದಲು ಪ್ರತಿ ಸರ್ವೆ ನಂಬರಿಗೆ ಮೂರು ಅಂಕಿ ಕೇಳಬೇಕು: ಡ್ರಿಪ್‌ಗೆ ಹಿಂದಿನ ವರ್ಷ ಆ ಬೋರಿನಡಿ ಎಷ್ಟು ಗುಂಟೆ ನೀರಾವರಿಯಾಗಿತ್ತು, ಈಗ ಎಷ್ಟು ಗುಂಟೆ, ಮೋಟರು ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ. ಈ ಮೂರನ್ನು ಬರೆದುಕೊಳ್ಳಲು ಒಬ್ಬ ಗ್ರಾಮ ಸಹಾಯಕ ಮತ್ತು ಒಂದು ನೋಟ್‌ಬುಕ್ ಸಾಕು.